ರಾಜಧರ್ಮಪ್ರವೀಣ ತಂಬುಚೆಟ್ಟಿಯವರು

ಮುಳ್ಳೂರಿನ ಮಗ್ಗುಲಲ್ಲಿ ಕಾವೇರಿಯು ಹರಿಯುತ್ತಾಳೆ. ಈ ದಡದವರ ಮಾತು ಕನ್ನಡ. ಆಚೆಯ ದಡದವರ ಮಾತೂ ಕನ್ನಡವೇ. ಉಳುವ ರೀತಿ, ಉಣ್ಣುವ ಅನ್ನ, ಹರಕೆ ಹೊರುವ ದೇವರು, ಹೆಣ್ಣು ಕೊಟ್ಟು ತರುವ ಬಳಕೆ, ಇವು ಯಾವುದರಲ್ಲಿಯೂ ಹೊಳೆಯು ಭೇದವನ್ನುಂಟುಮಾಡಿರಲಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನಡೆದ ಪಾಲುಪಾರೀಖತ್ತಿನಲ್ಲಿ ಕೊಳ್ಳೇಗಾಲದ ಸೀಮೆಯು ಕಂಪನಿಯವರಿಗೆ ಸೇರಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಯಿತು. ಹೊಳೆಯಾಚೆಯ ನಾಡು ಮೈಸೂರು ಸಂಸ್ಥಾನವಾಗಿ ಉಳಿಯಿತು. ಈ ಏರ್ಪಾಡು 1956ನೆಯ ಇಸವಿಯ ನವೆಂಬರು 1ನೆಯ ತಾರೀಖಿನವರೆಗೂ ನಿಂತಿದ್ದಿತು. ಎಂದರೆ ನೂರೈವತ್ತೇಳು ವರ್ಷಗಳ ಕಾಲ ನಮ್ಮ ಹಿರಿಯರು ಒಂದೇ ಭಾಷೆಯ ಎರಡು ರಾಜ್ಯಗಳ ಎಲ್ಲೆಯ ಮೇಲೆ ಬಾಳಿದರು.

ರಾಜ್ಯವು ಬೇರೆಯಾದರೆ ನ್ಯಾಯವೂ ಬೇರೆಯಾಗುತ್ತದೆ. ಮುಳ್ಳೂರಿನ ರೈತನಿಗೆ ಗದ್ದೆಯ ಬದುವಿನ ವಿಷಯದಲ್ಲಿ ತಕರಾರು ಬಂದು, ಅದು ಬೆಳೆದು ದೊಡ್ಡ ವ್ಯಾಜ್ಯವಾದರೆ, ಅವನ ಕಾಗದಪತ್ರಗಳು ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲದ ದಾರಿಯಾಗಿ ತಮಿಳು ಮಾತಿನ ಜಿಲ್ಲಾ ಕಸಬೆಗೆ ಹೋಗುತ್ತಿದ್ದುವು. ಕಡೆಯ ಅಪೀಲು 1862ರ ತರುವಾಯ ಮದರಾಸಿನ ಹೈಕೋರ್ಟಿಗೆ. ಕೆಲವೇ ಹರದಾರಿ ದೂರದ ಯಳಂದೂರಿನವನ ವ್ಯಾಜ್ಯವು ಬೆಳೆದರೆ ಅದು ಮೈಸೂರಿನ ಮಾರ್ಗವಾಗಿ ಬೆಂಗಳೂರನ್ನು ಸೇರುತ್ತಿದ್ದಿತು. ಇಬ್ಬರಿಗೂ ಅನ್ವಯಿಸುವ ದಂಡಸಂಹಿತೆಯು ಹೆಚ್ಚುಕಡಮೆ ಒಂದೇ ಆಗಿದ್ದರೂ ನ್ಯಾಯಪೀಠದ ಮೇಲೆ ಕುಳಿತಿದ್ದವರು ಬೇರೆ. ಆ ಪೀಠಗಳ ಮೇಲೆ ಯಾರು ಕುಳಿತಿದ್ದರು, ಅವರು ಸರ್ಕಾರಕ್ಕೆ ಎಷ್ಟು ಹತ್ತಿರದವರು, ಎಷ್ಟು ದೂರದವರು ಎಂಬುದನ್ನು ಕುರಿತು ನಾವು ವಿಚಾರಮಾಡುವುದು ಅಪರೂಪ. ಅಣೆಕಟ್ಟು ಕಟ್ಟಿಸಿದವರ ಹೆಸರು ನಮಗೆ ಕಂಠಪಾಠವಾಗಿದೆ. ದೀಪ ಹೊತ್ತಿಸಿದವರ ಹೆಸರೂ ಗೊತ್ತು. ತೀರ್ಪು ಹೇಳಿದವರ ಹೆಸರು ಮಾತ್ರ ಮರೆತುಹೋಗುತ್ತದೆ.

ಹಾಗೆ ಅರ್ಧ ಮರೆಯಾದವರಲ್ಲಿ ಟಿ. ಆರ್. ಎ. ತಂಬುಚೆಟ್ಟಿಯವರು ಒಬ್ಬರು. ಅವರು ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧಿಪತಿಗಳಾದ ಮೊದಲನೆಯ ಭಾರತೀಯರು. ಅದರೊಡನೆ ಅವರು ಮಹಾರಾಜರ ಆಲೋಚನಾಸಭೆಯ ಹಿರಿಯ ಸದಸ್ಯರೂ ಆಗಿದ್ದು, ಹಲವು ಬಾರಿ ಹಂಗಾಮಿ ದಿವಾನರಾಗಿ ರಾಜ್ಯಭಾರವನ್ನೂ ನಡೆಸಿದರು. ಆಳುವ ಕೈ, ತೂಗುವ ಕೈ ಎರಡೂ ಒಬ್ಬರವೇ ಆಗಿದ್ದುವು. ಇದು ಒಳ್ಳೆಯದಾಗಿದ್ದಿತೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಜೀವನವನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಅದು ಯಳಂದೂರಿನ ಹೆಸರಿನೊಡನೆಯೇ ಆರಂಭವಾಗುತ್ತದೆ. 1799ರಲ್ಲಿ ಎಳೆಯ ಮಹಾರಾಜರಾದ ಮುಮ್ಮಡಿ ಕೃಷ್ಣರಾಜ ಒಡೆಯರವರ ಹೆಸರಿನಲ್ಲಿ ರಾಜ್ಯವನ್ನಾಳಿದವರು ದಿವಾನ್ ಪೂರ್ಣಯ್ಯನವರು. ಅವರ ಸೇವೆಗೆ ಬಹುಮಾನವಾಗಿ 1807ರಲ್ಲಿ ಯಳಂದೂರು ಸೀಮೆಯು ಅವರಿಗೂ ಅವರ ವಂಶಕ್ಕೂ ಜಹಗೀರಾಗಿ ದೊರೆಯಿತು. ಸುಮಾರು 100 ಚದರ ಮೈಲಿಯ ಈ ಚಿಕ್ಕ ನಾಡು, ಸುವರ್ಣಾವತಿಯ ನೀರಿನಿಂದ ಹಸುರಾಗಿ, ಮೈಸೂರು ಸಂಸ್ಥಾನದೊಳಗಿನ ಒಂದು ಬೇರೆ ಮನೆಯಂತೆ ಉಳಿದುಕೊಂಡಿತು. ಪೂರ್ಣಯ್ಯನವರು ಮೈಸೂರಿನಲ್ಲಿ ಒಂದು ಅದಾಲತ್ತನ್ನು ಏರ್ಪಡಿಸಿದ್ದರು. ಇಬ್ಬರು ಬಕ್ಷಿಗಳು ನ್ಯಾಯಾಧಿಪತಿಗಳು, ಇಬ್ಬರು ಶಿರಸ್ತೇದಾರರು, ಊರಿನ ಗೌರವಸ್ಥರಲ್ಲಿ ಆರು ಮಂದಿ, ಅವರೊಡನೆ ಒಬ್ಬ ಖಾಜಿ, ಒಬ್ಬ ಪಂಡಿತ. ಹೀಗೆ ಅದು ಪಂಚಾಯಿತಿಯ ಆಕಾರವನ್ನು ಹೊಂದಿದ್ದಿತು. ಆದರೆ ದೊಡ್ಡ ವಿಷಯಗಳಲ್ಲಿ ಕಡೆಯ ಮಾತು ದಿವಾನರದೇ. ಕಂದಾಯ ಕಟ್ಟಿಸಿಕೊಳ್ಳುವವರೂ ಅವರೇ, ದಂಡು ಸಾಕುವವರೂ ಅವರೇ, ನ್ಯಾಯ ಹೇಳುವವರೂ ಅವರೇ. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅರಸನ ಧರ್ಮದಲ್ಲಿ ಪಾಲನೆಯೂ ದಂಡನೆಯೂ ಸೇರಿಯೇ ಇರುತ್ತವೆಂಬುದು ನಮ್ಮ ದೇಶದ ಹಳೆಯ ಭಾವನೆ.

1831ರಲ್ಲಿ ಇಂಗ್ಲಿಷರು ಮಹಾರಾಜರಿಂದ ಆಡಳಿತವನ್ನು ತೆಗೆದುಕೊಂಡು ಕಮಿಷನರ ಕೈಗೆ ಕೊಟ್ಟರು. 1834ರಿಂದ 1861ರವರೆಗೆ ಆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ ಸಾಹೇಬರ ಕಾಲದಲ್ಲಿ ಹುಜೂರ್ ಅದಾಲತ್ ಎಂಬ ನ್ಯಾಯಸ್ಥಾನವು ನಡೆಯುತ್ತಿದ್ದರೂ, ತಾಲ್ಲೂಕಿನ ಅಮಲ್ದಾರನೇ ಕಂದಾಯದ ಅಧಿಕಾರಿಯೂ ಸಣ್ಣ ವ್ಯಾಜ್ಯಗಳ ನ್ಯಾಯಾಧಿಪತಿಯೂ ಆಗಿದ್ದನು. ಎಲ್ಲಕ್ಕೂ ಮೇಲೆ ಕಮಿಷನರು. 1856ರಲ್ಲಿ ಜುಡಿಷಿಯಲ್ ಕಮಿಷನರೆಂಬ ಪ್ರತ್ಯೇಕ ಅಧಿಕಾರಿಯು ನೇಮಕವಾದುದು ದೊಡ್ಡ ಬದಲಾವಣೆ. ಅಲ್ಲಿಂದ ಮುಂದೆ ಸಂಸ್ಥಾನದ ಅತ್ಯುನ್ನತ ನ್ಯಾಯಸ್ಥಾನವು ಆಡಳಿತದ ಮುಖ್ಯಾಧಿಕಾರಿಯ ಕಚೇರಿಯಿಂದ ಬೇರೆಯಾಯಿತು. ಕೆಳಗಿನ ಮಟ್ಟದಲ್ಲಿ ಈ ಬೇರ್ಪಡೆಯು ನಿಧಾನವಾಗಿ ಬಂದಿತು. 1870ರ ದಶಕದಲ್ಲಿ ಮುನಸೀಫರ ಕೋರ್ಟುಗಳು ಏರ್ಪಟ್ಟು, ಸಿವಿಲ್ ವ್ಯಾಜ್ಯಗಳ ಹೊರೆಯು ಅಮಲ್ದಾರನ ತಲೆಯಿಂದ ಇಳಿಯತೊಡಗಿತು.

ಈ ಜುಡಿಷಿಯಲ್ ಕಮಿಷನರ ಕಚೇರಿಗೆ 1867ರಲ್ಲಿ ಶಿರಸ್ತೇದಾರರಾಗಿ ಬಂದವರೇ ತಂಬುಚೆಟ್ಟಿಯವರು. ಅವರು 1837ರಲ್ಲಿ ತಿರುಚಿನಾಪಳ್ಳಿಯಲ್ಲಿ ಜನಿಸಿದವರು. ಮತದಿಂದ ರೋಮನ್ ಕ್ಯಾಥೊಲಿಕರು. ಮದರಾಸಿನಲ್ಲಿ ವಿದ್ಯಾಭ್ಯಾಸ ಮಾಡಿ, ಗುಮಾಸ್ತರ ಕೆಲಸದಿಂದ ಜೀವನವನ್ನಾರಂಭಿಸಿ, ಮೂವತ್ತರ ವಯಸ್ಸಿನಲ್ಲಿ ಮೈಸೂರು ಸೀಮೆಗೆ ಕಾಲಿಟ್ಟರು. ಕುಲದ ಹಿರಿಮೆಯಾಗಲಿ ಜಹಗೀರಿನ ಬೆಂಬಲವಾಗಲಿ ಅವರಿಗೆ ಇಲ್ಲಿ ಇರಲಿಲ್ಲ.

ಶಿರಸ್ತೇದಾರನೆಂದರೆ ಈಗಿನವರಿಗೆ ಒಂದು ಕಚೇರಿಯ ಮೇಜು ನೆನಪಾಗಬಹುದು. ಆ ಕಾಲದಲ್ಲಿ ಹಾಗಲ್ಲ. ಪೀಠದಲ್ಲಿ ಕುಳಿತ ದೊರೆಯು ಇಂಗ್ಲಿಷ್ ಬಲ್ಲವನು. ಎದುರಿಗೆ ನಿಂತ ಕಕ್ಷಿಗಾರನು ಕನ್ನಡ ಬಲ್ಲವನು. ನಡುವೆ ಬಿದ್ದಿರುವ ದಫ್ತರಗಳು ಕನ್ನಡ, ಮರಾಠಿ, ಇಂಗ್ಲಿಷ್‌ಗಳ ಬೆರಕೆ. ಇವುಗಳನ್ನೆಲ್ಲ ಓದಿ, ಸಾರವನ್ನೆತ್ತಿ, ಯಾವ ಪತ್ರವು ನಿಜ ಯಾವುದು ಕೂಟ ಎಂಬುದನ್ನು ದೊರೆಗೆ ಎತ್ತಿ ತೋರಿಸಬೇಕಾದವನು ಶಿರಸ್ತೇದಾರ. ತೀರ್ಪಿನ ಕೆಳಗೆ ಅವನ ರುಜು ಇರುವುದಿಲ್ಲ. ಆದರೆ ತೀರ್ಪು ತಪ್ಪಾಗದಂತೆ ಕಾಯುವ ಭಾರವು ಅವನದು. ನ್ಯಾಯದ ಒಳಮನೆಯನ್ನು ತಂಬುಚೆಟ್ಟಿಯವರು ಕಂಡುದು ಹೀಗೆ, ಕೆಳಗಿನಿಂದ. ಮರುವರ್ಷವೇ, ಎಂದರೆ 1868ರಲ್ಲಿ, ಅಷ್ಟಗ್ರಾಮ ವಿಭಾಗಕ್ಕೆ ಇಂಥದೇ ಜುಡಿಷಿಯಲ್ ಶಿರಸ್ತೇದಾರರಾಗಿ ಮತ್ತೊಬ್ಬ ಯುವಕರು ಬಂದರು. ಅವರು ಕೆ. ಶೇಷಾದ್ರಿ ಅಯ್ಯರವರು. ಈ ಇಬ್ಬರ ದಾರಿಗಳು ಮುಂದೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಜೊತೆಯಲ್ಲಿ ಸಾಗಿದುವು.

1876ರಿಂದ 78ರವರೆಗಿನ ಮಹಾಕ್ಷಾಮವು ಮೈಸೂರನ್ನು ಮುರಿಯಿತು. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಾಗಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಈ ಅಂಕಿಗಳ ಹಿಂದೆ ಎಷ್ಟು ಹಾಳುಮನೆಗಳು, ಎಷ್ಟು ಒತ್ತೆಯಿಟ್ಟ ಹೊಲಗಳು, ವಾರಸುದಾರರಿಲ್ಲದ ಎಷ್ಟು ಗದ್ದೆಗಳು ಇದ್ದಿರಬೇಕೆಂಬುದನ್ನು ವಾಚಕರು ಊಹಿಸಬಹುದು. ಇಂಥ ನಾಡನ್ನು 1881ನೆಯ ಇಸವಿಯ ಮಾರ್ಚಿ 25ನೆಯ ತಾರೀಖಿನಂದು ಇಂಗ್ಲಿಷರು ಚಾಮರಾಜೇಂದ್ರ ಒಡೆಯರವರ ಕೈಗೆ ಹಿಂದಕ್ಕೆ ಒಪ್ಪಿಸಿದರು. ಒಪ್ಪಿಸಿಕೊಟ್ಟ ಕರಾರುಪತ್ರದಲ್ಲಿ ಒಂದು ಕಟ್ಟಿದ್ದಿತು: ಆಗ ಜಾರಿಯಲ್ಲಿದ್ದ ಕಾನೂನುಗಳೂ ಆಡಳಿತಕ್ರಮವೂ ಮುಂದುವರಿಯಬೇಕು; ಗವರ್ನರ್ ಜನರಲರ ಸಮ್ಮತಿಯಿಲ್ಲದೆ ಮುಖ್ಯವಾದುದಾವುದನ್ನೂ ಬದಲಾಯಿಸಕೂಡದು. ಬೆಂಗಳೂರಿನ ದಂಡಿನ ಪ್ರದೇಶವು ಸಂಸ್ಥಾನದ ನಡುವೆಯೇ ಇಂಗ್ಲಿಷರ ವಶದಲ್ಲಿ ಉಳಿದು, 1947ರಲ್ಲಿ ಮಾತ್ರ ಮೈಸೂರಿಗೆ ಹಿಂದಕ್ಕೆ ಬಂದಿತು. ಮುಳ್ಳೂರಿನವರಿಗೆ ಹೊಳೆಯು ಎಲ್ಲೆಯಾಗಿದ್ದಂತೆ ಬೆಂಗಳೂರಿನವರಿಗೆ ಒಂದು ರಸ್ತೆಯೇ ಎಲ್ಲೆಯಾಗಿದ್ದಿತು.

ದಿವಾನ್ ರಂಗಾಚಾರ್ಲು ಅವರ ಅಧ್ಯಕ್ಷತೆಯಲ್ಲಿ ಮಹಾರಾಜರಿಗೆ ಸಲಹೆ ಕೊಡುವ ಆಲೋಚನಾಸಭೆಯೊಂದು ಏರ್ಪಟ್ಟಿತು. ತಂಬುಚೆಟ್ಟಿಯವರು ಅದರ ಸದಸ್ಯರಲ್ಲೊಬ್ಬರಾದರು. ಅದೇ ವರ್ಷ ಅಕ್ಟೋಬರು 7ರಂದು ಪ್ರಜಾಪ್ರತಿನಿಧಿ ಸಭೆಯು 144 ಮಂದಿಯೊಡನೆ ಮೊದಲ ಬಾರಿಗೆ ಸೇರಿತು. ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು, ಇಷ್ಟೇ. ಆದರೂ ಅಂದಿನ ಭಾರತದಲ್ಲಿ ಅದು ಹೊಸತೇ. ಹೊಳೆಯ ಈಚೆಯ ನಮ್ಮ ತಾಲ್ಲೂಕಿನಿಂದ ಯಾರೂ ಅಲ್ಲಿಗೆ ಹೋಗುವಂತಿರಲಿಲ್ಲ. ಕಾನೂನುಗಳನ್ನು ಮಾಡುವ ಕೆಲಸವು ಮಹಾರಾಜರು, ದಿವಾನರು, ಆಲೋಚನಾಸಭೆಯವರು, ಇಷ್ಟು ಮಂದಿಯಲ್ಲಿಯೇ ನಡೆಯುತ್ತಿದ್ದಿತು.

1883ರ ಜನವರಿಯಲ್ಲಿ ರಂಗಾಚಾರ್ಲು ಅವರು ತೀರಿಕೊಂಡರು. ದಿವಾನಗಿರಿಯು ಶೇಷಾದ್ರಿ ಅಯ್ಯರವರಿಗೆ ಬಂದಿತು. ಅವರು 1845ರಲ್ಲಿ ಹುಟ್ಟಿದವರು. ತಂಬುಚೆಟ್ಟಿಯವರಿಗಿಂತ ಎಂಟು ವರ್ಷ ಚಿಕ್ಕವರು, ಮೈಸೂರಿನ ಸೇವೆಗೆ ಒಂದು ವರ್ಷ ತಡವಾಗಿ ಬಂದವರು. ಇಂಥ ಸಂದರ್ಭದಲ್ಲಿ ಹಿರಿಯನೊಬ್ಬನು ಕಿರಿಯನ ಕೆಳಗೆ ಕೆಲಸಮಾಡುವುದು ಸುಲಭವಲ್ಲವೆಂಬುದು ಕಚೇರಿಯ ಜೀವನವನ್ನು ಕಂಡವರಿಗೆಲ್ಲ ತಿಳಿದ ವಿಷಯ. ಈ ಇಬ್ಬರ ವಿಷಯದಲ್ಲಿ ನಮಗೆ ಕಾಣುವ ಸಂಗತಿಯೆಂದರೆ, ಹದಿನೆಂಟು ವರ್ಷಗಳ ಆ ದಿವಾನಗಿರಿಯಲ್ಲಿ ಶೇಷಾದ್ರಿ ಅಯ್ಯರವರು ರಜೆಯಲ್ಲಿ ಹೋದಾಗ ರಾಜ್ಯವನ್ನು ಒಪ್ಪಿಸಿ ಹೋಗುತ್ತಿದ್ದುದು ತಂಬುಚೆಟ್ಟಿಯವರ ಕೈಗೆ. ಅವರು ಮರಳಿದಾಗ ಅದನ್ನು ಹಾಗೆಯೇ ಹಿಂದಕ್ಕೆ ಒಪ್ಪಿಸಿದವರೂ ತಂಬುಚೆಟ್ಟಿಯವರೇ.

1884ರಲ್ಲಿ ಜುಡಿಷಿಯಲ್ ಕಮಿಷನರ ಹುದ್ದೆಯು ಹೋಗಿ ಮೂವರು ನ್ಯಾಯಾಧಿಪತಿಗಳ ಚೀಫ್ ಕೋರ್ಟು ಏರ್ಪಟ್ಟಿತು. ಮೇಲ್ನೋಟಕ್ಕೆ ಇದು ಹೆಸರಿನ ಬದಲಾವಣೆಯಂತೆ ಕಾಣಬಹುದು. ವಾಸ್ತವವಾಗಿ ಇದರ ಪರಿಣಾಮವು ದೊಡ್ಡದು. ಒಬ್ಬನೇ ಕುಳಿತು ಹೇಳುವ ತೀರ್ಪಿನಲ್ಲಿ ಅವನ ಸ್ವಭಾವವು ಸೇರಿಕೊಂಡುಬಿಡುತ್ತದೆ. ಮೂವರು ಕುಳಿತಾಗ ಒಬ್ಬರು ಇನ್ನೊಬ್ಬರಿಗೆ ಕಾರಣ ಹೇಳಬೇಕಾಗುತ್ತದೆ. ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದಾಗಲೇ ಅದರ ಟೊಳ್ಳು ಗಟ್ಟಿ ಗೊತ್ತಾಗುವುದು. ಮುನಸೀಫರಿಂದ ಜಿಲ್ಲಾ ನ್ಯಾಯಾಧಿಪತಿಗಳವರೆಗೆ ಸಂಸ್ಥಾನದ ಎಲ್ಲ ಕೋರ್ಟುಗಳ ತೀರ್ಪುಗಳೂ ಕಡೆಗೆ ಇಲ್ಲಿಗೆ ಬರಬೇಕಾಗಿದ್ದಿತು. ಈ ಪೀಠದ ಮೊದಲ ಮುಖ್ಯ ನ್ಯಾಯಾಧಿಪತಿಗಳು ಐರೋಪ್ಯರು. ತಂಬುಚೆಟ್ಟಿಯವರು ಜೊತೆಯ ನ್ಯಾಯಾಧಿಪತಿಗಳಾಗಿ ಅಲ್ಲಿ ಕುಳಿತರು. ಹದಿನೇಳು ವರ್ಷಗಳ ಹಿಂದೆ ಪೀಠದ ಕೆಳಗೆ ಕುಳಿತು ದಫ್ತರ ಬಿಚ್ಚಿದವರು ಈಗ ಪೀಠದ ಮೇಲಿದ್ದರು. 1890ರಲ್ಲಿ ಅವರೇ ಮುಖ್ಯ ನ್ಯಾಯಾಧಿಪತಿಗಳಾದರು.

ಈ 1890 ಎಂಬ ಇಸವಿಯ ಬೆಲೆಯು ಹೊಳೆಯ ಈಚೆಯಿಂದ ನೋಡಿದವರಿಗೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಮುಳ್ಳೂರಿನ ಅಪೀಲುಗಳು ಹೋಗುತ್ತಿದ್ದ ಮದರಾಸಿನ ಹೈಕೋರ್ಟಿನಲ್ಲಿ ಟಿ. ಮುತ್ತುಸ್ವಾಮಿ ಅಯ್ಯರವರು ಮೊದಲನೆಯ ಭಾರತೀಯ ನ್ಯಾಯಾಧಿಪತಿಗಳಾದುದು 1870ರ ದಶಕದ ಕೊನೆಯಲ್ಲಿ. ಅವರ ಪಾಂಡಿತ್ಯವನ್ನು ಇಂಗ್ಲಿಷರೂ ಹೊಗಳಿದರು. ಆದರೂ ಅವರಿಗೆ ದೊರೆತದ್ದು 1893ರಲ್ಲಿ ಹಂಗಾಮಿಯಾಗಿ ಮುಖ್ಯ ನ್ಯಾಯಾಧಿಪತಿಯ ಸ್ಥಾನ; ಖಾಯಮಾಗಿ ಅದು ಬರಲಿಲ್ಲ. ಅವರ ತರುವಾಯವೂ ಸಮರ್ಥರಾದ ಭಾರತೀಯರು ಆ ಪೀಠದಲ್ಲಿ ಕುಳಿತರು. ಹಂಗಾಮಿಯಾಗಿ ಮುಖ್ಯಸ್ಥಾನವನ್ನೂ ವಹಿಸಿದರು. ಆದರೆ ಖಾಯಂ ಮುಖ್ಯ ನ್ಯಾಯಾಧಿಪತಿಯಾದ ಮೊದಲ ಭಾರತೀಯರು ಪಿ. ವಿ. ರಾಜಮನ್ನಾರ್ ಅವರು. ಅದು 1948ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಹೊಳೆಯ ಆ ದಡದಲ್ಲಿ 1890ರಲ್ಲಿ ಆದುದು ಈ ದಡದಲ್ಲಿ ಆಗಬೇಕಾದರೆ ಐವತ್ತೆಂಟು ವರ್ಷಗಳು ಬೇಕಾದುವು. ಮೈಸೂರನ್ನು ಮಾದರಿ ಸಂಸ್ಥಾನವೆಂದು ಕರೆಯುವಾಗ ವಿದ್ಯುತ್ತನ್ನೂ ಅಣೆಕಟ್ಟನ್ನೂ ಮಾತ್ರ ಎಣಿಸುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ತಂಬುಚೆಟ್ಟಿಯವರು ನ್ಯಾಯಪೀಠವನ್ನೇರಿದಾಗ ಆಲೋಚನಾಸಭೆಯನ್ನು ಬಿಡಲಿಲ್ಲ. ಮುಖ್ಯ ನ್ಯಾಯಾಧಿಪತಿಗಳಾಗಿದ್ದ ವರ್ಷಗಳಲ್ಲಿಯೇ ಹಂಗಾಮಿ ದಿವಾನರೂ ಆದರು. ಒಬ್ಬ ರೈತನನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅವನ ಭೂಮಿಯನ್ನು ಸರ್ಕಾರದವರು ತಮ್ಮದೆನ್ನುತ್ತಾರೆ, ಅವನು ತನ್ನದೆನ್ನುತ್ತಾನೆ. ದಾವೆ ಹೂಡುತ್ತಾನೆ, ಕೆಳಗೆ ಸೋಲುತ್ತಾನೆ, ಮೇಲೆ ಹೋಗುತ್ತಾನೆ. ಕಡೆಗೆ ಚೀಫ್ ಕೋರ್ಟಿನ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಅಲ್ಲಿ ಕುಳಿತಿರುವವರು ಕಳೆದ ತಿಂಗಳು ಯಾವ ಸರ್ಕಾರದ ಆಜ್ಞೆಯ ಮೇಲೆ ಅವನು ದೂರು ತಂದಿರುವನೋ ಆ ಸರ್ಕಾರದ ಮುಖ್ಯಸ್ಥರಾಗಿದ್ದವರು! ಅವರು ಎಷ್ಟೇ ಧರ್ಮಾತ್ಮರಾಗಿರಲಿ, ರೈತನ ಎದೆಯು ಅಳುಕದೆ ಇರುವುದೇ? 'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂದು ಗಾದೆ ಮಾಡಿದ ಜನರು ನಮ್ಮವರು. ನ್ಯಾಯವು ನಡೆದರೆ ಸಾಲದು. ನಡೆಯಿತೆಂಬ ನಂಬಿಕೆಯು ಸೋತವನಿಗೂ ಬರಬೇಕು.

ಇಂಥ ಬೆರಕೆಯು ಮೈಸೂರಿಗೆ ಮಾತ್ರ ಮೀಸಲಾದುದೆಂದು ಯಾರೂ ಭಾವಿಸಬಾರದು. ಇಂಗ್ಲೆಂಡಿನಲ್ಲಿಯೇ ಲಾರ್ಡ್ ಚಾನ್ಸೆಲರ್ ಎಂಬ ಅಧಿಕಾರಿಯು ಮಂತ್ರಿಮಂಡಲದ ಸದಸ್ಯನೂ, ಪ್ರಭುಸಭೆಯ ಅಧ್ಯಕ್ಷನೂ, ಹಿರಿಯ ನ್ಯಾಯಾಧಿಪತಿಯೂ ಆಗಿದ್ದು, ಈ ಮೂರೂ ಒಬ್ಬನಲ್ಲಿ ಸೇರಿರುವ ಪದ್ಧತಿಯನ್ನು 2005ರ ಶಾಸನವೇ ಬಂದು ಬಿಡಿಸಬೇಕಾಯಿತು. ಕೆನಡಾ ದೇಶದ ಪ್ರಾಂತಗಳಲ್ಲಿ ರಾಜಕಾರಣಿಗಳು ನ್ಯಾಯಪೀಠಕ್ಕೆ ಹೋಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯವಾಗಿದ್ದಿತು. ಆಲಿವರ್ ಮೋವಾಟ್ ಎಂಬವರು ರಾಜಕಾರಣದಿಂದ 1864ರಲ್ಲಿ ಚಾನ್ಸೆರಿ ನ್ಯಾಯಸ್ಥಾನಕ್ಕೆ ಹೋಗಿ, 1872ರಲ್ಲಿ ಪೀಠದಿಂದಿಳಿದು ಒಂಟಾರಿಯೊ ಪ್ರಾಂತದ ಪ್ರಧಾನರಾಗಿ 1896ರವರೆಗೆ ಆಳಿದರು. ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಮೋವಾಟರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರು. ತಂಬುಚೆಟ್ಟಿಯವರಿಗೆ ಎರಡನ್ನೂ ಏಕಕಾಲದಲ್ಲಿ ಹೊರಬೇಕಾಯಿತು.

ಏತಕ್ಕೆ ಹೀಗಾಯಿತೆಂಬುದಕ್ಕೆ ಸಮಾಧಾನವಿಲ್ಲದೆ ಇಲ್ಲ. ಸಂಸ್ಥಾನವು ಆಗತಾನೆ ಕ್ಷಾಮದಿಂದಲೂ ಪರರ ಆಳ್ವಿಕೆಯಿಂದಲೂ ಹೊರಬಂದಿದ್ದಿತು. ಕಾನೂನನ್ನು ಬಲ್ಲ, ಇಂಗ್ಲಿಷರಿಗೂ ಮಹಾರಾಜರಿಗೂ ವಿಶ್ವಾಸವಿದ್ದ ಭಾರತೀಯರು ಬೆರಳೆಣಿಕೆಯಷ್ಟು ಮಂದಿ. ಕಾನೂನು ಮಾಡುವಾಗ ನ್ಯಾಯಸ್ಥಾನದ ಅನುಭವವುಳ್ಳವರೊಬ್ಬರು ಬಳಿಯಲ್ಲಿರುವುದೂ ಲಾಭವೇ. 1894ರಲ್ಲಿ ಮೈಸೂರಿನಲ್ಲಿ ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಬಂದಿತು; ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ಅದು ತಡೆಯಿತು. ಮನೆಯೊಳಗಿನ ಆಚಾರಕ್ಕೆ ಕೈಹಾಕುವ ಇಂಥ ಶಾಸನವನ್ನು ಬರೆಯುವಾಗ, ಸಾಕ್ಷಿಗಳು ಹೇಗೆ ನುಡಿಯುತ್ತಾರೆ, ವಯಸ್ಸನ್ನು ಹೇಗೆ ರುಜುವಾತುಪಡಿಸಬೇಕಾಗುತ್ತದೆ ಎಂಬುದನ್ನು ಪೀಠದ ಮೇಲಿನಿಂದ ಕಂಡವರ ಮಾತಿಗೆ ಬೆಲೆಯಿರುತ್ತದೆ.

ಆದರೆ ಈ ಸಮಾಧಾನಗಳೆಲ್ಲ ವ್ಯಕ್ತಿಯ ಯೋಗ್ಯತೆಯನ್ನು ನೆಚ್ಚಿಕೊಂಡಿವೆ. ವ್ಯಕ್ತಿಯು ಒಳ್ಳೆಯವನಾಗಿರುವವರೆಗೆ ಬೆರಕೆಯ ದೋಷವು ಹೊರಗೆ ತೋರುವುದಿಲ್ಲ. ಬೇಲಿಯು ಹೊಲವನ್ನು ಮೇಯಲಿಲ್ಲವೆಂದರೆ ಅದು ಆ ಬೇಲಿಯ ದೊಡ್ಡತನ. ಅಂಥ ಬೇಲಿಯನ್ನು ನಂಬಿ ಬೇಸಾಯವನ್ನು ನಡೆಸಲಾಗುವುದಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 50ನೆಯ ಅನುಚ್ಛೇದದಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ತಂಬುಚೆಟ್ಟಿಯವರನ್ನು ಮೆಚ್ಚಿಕೊಂಡೇ, ಅವರು ನಿಂತಿದ್ದ ಏರ್ಪಾಡನ್ನು ನಾವು ಒಪ್ಪದಿರಬಹುದು. ಇವೆರಡಕ್ಕೂ ವಿರೋಧವಿಲ್ಲ.

1894ರ ಡಿಸೆಂಬರು 28ರಂದು ಚಾಮರಾಜೇಂದ್ರ ಒಡೆಯರವರು ಕಲಕತ್ತೆಯಲ್ಲಿ ಅಕಾಲಮರಣವನ್ನು ಹೊಂದಿದರು. ಯುವರಾಜರು ಹತ್ತು ವರ್ಷದ ಬಾಲಕರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ಅವರಿಗೆ ಸಹಾಯವಾಗಿ 1895ರಲ್ಲಿ ಒಂದು ಮಂಡಲಿಯು ಏರ್ಪಟ್ಟಿತು. ಶೇಷಾದ್ರಿ ಅಯ್ಯರವರು ಅಧ್ಯಕ್ಷರು. ಸದಸ್ಯರು ಮೂವರು: ತಂಬುಚೆಟ್ಟಿಯವರು, ಪಿ. ಎನ್. ಕೃಷ್ಣಮೂರ್ತಿಯವರು, ಅಬ್ದುಲ್ ರಹಮಾನ್ ಅವರು. ಒಬ್ಬರು ಕ್ಯಾಥೊಲಿಕರು, ಒಬ್ಬರು ಪೂರ್ಣಯ್ಯನವರ ವಂಶದ ಬ್ರಾಹ್ಮಣರು, ಒಬ್ಬರು ಮುಸಲ್ಮಾನರು. ಎಲ್ಲರ ಮೇಲೆ ಒಬ್ಬ ಹೆಂಗಸು. ಈ ಹೊತ್ತಿಗೆ ತಂಬುಚೆಟ್ಟಿಯವರು ನ್ಯಾಯಪೀಠದಿಂದ ನಿವೃತ್ತರಾದರು. ಅಲ್ಲಿಂದ ಮುಂದೆ ಅವರು ಆಳುವವರಲ್ಲಿ ಒಬ್ಬರು ಮಾತ್ರ. ಎರಡು ಕೈಗಳು ಕಡೆಗೂ ಬೇರೆಯಾದುವು. 1898ರಲ್ಲಿ ಪ್ಲೇಗು ಬಂದು ಊರುಗಳು ಬರಿದಾದಾಗ ಅದರ ಭಾರವನ್ನು ಹೊತ್ತುದು ಈ ಮಂಡಲಿಯೇ.

1900ರಲ್ಲಿ ಶೇಷಾದ್ರಿ ಅಯ್ಯರವರ ದೇಹಸ್ಥಿತಿಯು ಕೆಟ್ಟಿತು. ಅವರು ರಜೆಯಲ್ಲಿ ಹೋಗಲು, ತಂಬುಚೆಟ್ಟಿಯವರು ಮತ್ತೊಮ್ಮೆ ಹಂಗಾಮಿ ದಿವಾನರಾದರು. ಆಗ ಅವರಿಗೆ ಅರುವತ್ತಮೂರು ವರ್ಷ. ಖಾಯಂ ದಿವಾನಗಿರಿಯು ಈ ಬಾರಿಯೂ ಅವರಿಗೆ ಬರಲಿಲ್ಲ. 1901ರ ಮಾರ್ಚಿಯಲ್ಲಿ ಅದು ಪಿ. ಎನ್. ಕೃಷ್ಣಮೂರ್ತಿಯವರ ಪಾಲಿಗೆ ಬಂದಿತು. ಸುಮಾರು ನೂರು ವರ್ಷಗಳ ಹಿಂದೆ ಪೂರ್ಣಯ್ಯನವರು ಕುಳಿತ ಸ್ಥಾನದಲ್ಲಿ ಅವರ ವಂಶದವರೇ, ಯಳಂದೂರಿನ ಜಹಗೀರುದಾರರೇ ಕುಳಿತರು. ನಮ್ಮ ಮಗ್ಗುಲಿನ ಯಳಂದೂರಿಗೆ ಇದು ಹೆಮ್ಮೆಯ ದಿನ. ಕೃಷ್ಣಮೂರ್ತಿಯವರು 1906ರವರೆಗೆ ದಿವಾನರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರವರು 1902ರ ಆ್ಯಗಸ್ಟಿನಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡುದು ಅವರ ಕಾಲದಲ್ಲಿ. ಶೇಷಾದ್ರಿ ಅಯ್ಯರವರು ಆರಂಭಿಸಿದ್ದ ಶಿವನಸಮುದ್ರದ ಕೆಲಸವು ಮುಗಿದು ಅದೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತು ಹರಿದುದೂ ಅವರ ಕಾಲದಲ್ಲಿಯೇ. ನಮ್ಮ ಊರ ಮುಂದೆ ಹರಿದುಹೋಗುವ ನೀರೇ ಕೆಲವು ಹರದಾರಿ ಕೆಳಗೆ ಧುಮುಕಿ ದೂರದ ಊರುಗಳಿಗೆ ಬೆಳಕಾಯಿತು.

ಕೃಷ್ಣಮೂರ್ತಿಯವರ ನೇಮಕವನ್ನು ಅಂದಿನವರು ಮೈಸೂರಿನವರ ಗೆಲುವೆಂದು ಎಣಿಸಿದರು. ಏತಕ್ಕೆಂದರೆ ಆ ಕಾಲದಲ್ಲಿ ಮೈಸೂರಿನ ಕಚೇರಿಗಳಲ್ಲಿ 'ಮೈಸೂರಿನವರು', 'ಮದರಾಸಿನವರು' ಎಂಬ ಎರಡು ಪಕ್ಷಗಳು ಬೆಳೆದಿದ್ದುವು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ತಂಬುಚೆಟ್ಟಿ ಇವರೆಲ್ಲ ಮದರಾಸು ಕಡೆಯಿಂದ ಬಂದವರು. ಹೊರಗಿನವರೇ ದೊಡ್ಡ ಹುದ್ದೆಗಳನ್ನೆಲ್ಲ ಹಿಡಿದರೆ ನಾಡಿನ ಮಕ್ಕಳು ಎಲ್ಲಿಗೆ ಹೋಗಬೇಕೆಂಬ ದೂರು ನ್ಯಾಯವಾದುದೇ. ಆದರೆ ಮುಳ್ಳೂರಿನಲ್ಲಿ ಕುಳಿತು ಈ ಮಾತನ್ನು ಕೇಳುವಾಗ ಒಂದು ನಗು ಬರುತ್ತದೆ. ಆ ಲೆಕ್ಕದಲ್ಲಿ ನಾವೂ ಮದರಾಸಿನವರೇ ಆಗಿದ್ದೆವು! ಕನ್ನಡವನ್ನಾಡುತ್ತ, ಮಲೆಯ ಮಹದೇಶ್ವರನಿಗೆ ನಡೆದುಕೊಳ್ಳುತ್ತ, ಹೊಳೆಯ ಈಚೆಗಿದ್ದೇವೆಂಬ ಒಂದೇ ಕಾರಣದಿಂದ ನಾವು ಹೊರಗಿನವರು. ತಂಬುಚೆಟ್ಟಿಯವರಾದರೋ ಮೂವತ್ತನೆಯ ವಯಸ್ಸಿನಲ್ಲಿ ಮೈಸೂರು ಸೀಮೆಗೆ ಬಂದು, ನಲವತ್ತು ವರ್ಷ ಅಲ್ಲಿ ಬಾಳಿ, ಅಲ್ಲಿಯವರೇ ಆಗಿಹೋದರು. ಅವರ ಮಗ ಟಿ. ತಂಬುಚೆಟ್ಟಿಯವರು ನಾಲ್ವಡಿಯವರ ಕಾರ್ಯದರ್ಶಿಗಳಾಗಿ ಅರಮನೆಯ ಸೇವೆಯಲ್ಲಿದ್ದರು. 1933ರಲ್ಲಿ ಮಹಾರಾಜರೇ ಅಡಿಗಲ್ಲನ್ನಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಕಥೆಯಲ್ಲಿ ಅವರ ಹೆಸರು ಸೇರಿದೆ.

ಖಾಯಂ ದಿವಾನಗಿರಿಯು ಬಾರದಿದ್ದರೂ ಮೈಸೂರು ಅರಸರು ತಂಬುಚೆಟ್ಟಿಯವರಿಗೆ 'ರಾಜಧರ್ಮಪ್ರವೀಣ' ಎಂಬ ಬಿರುದನ್ನು ಕೊಟ್ಟು ಗೌರವಿಸಿದರು. ಅದೇ ಬಿರುದು ಮುಂದೆ ಕೆ. ಎಸ್. ಚಂದ್ರಶೇಖರ ಅಯ್ಯರ್ ಮುಂತಾದ ಮುಖ್ಯ ನ್ಯಾಯಾಧಿಪತಿಗಳಿಗೂ ಬಂದಿತು. ಹೀಗೆ ಅದು ನ್ಯಾಯಪೀಠದ ಗೌರವದ ಗುರುತಾಯಿತು. ಆ ಶಬ್ದವನ್ನು ಒಡೆದು ನೋಡಿದರೆ ನಮ್ಮ ಪ್ರಶ್ನೆಯೆಲ್ಲ ಅದರಲ್ಲಿಯೇ ಇದೆ. ನ್ಯಾಯಾಧಿಪತಿಗೆ ಕೊಟ್ಟ ಬಿರುದಿನಲ್ಲಿ 'ನ್ಯಾಯ' ಎಂಬ ಮಾತಿಲ್ಲ; 'ರಾಜಧರ್ಮ' ಎಂಬ ಮಾತಿದೆ. ನ್ಯಾಯ ಹೇಳುವುದು ಅರಸನ ಧರ್ಮದ ಒಂದು ಭಾಗವೆಂಬ ಹಳೆಯ ಭಾವನೆಯು ಅಲ್ಲಿ ಇನ್ನೂ ಉಸಿರಾಡುತ್ತಿದೆ.

ತಂಬುಚೆಟ್ಟಿಯವರು 1907ರಲ್ಲಿ ಕಾಲವಾದರು. ಅದೇ ವರ್ಷ ಮೈಸೂರಿನಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿ, ಕಾನೂನು ಮಾಡುವ ಕೆಲಸವು ಕೆಲವೇ ಮಂದಿಯ ಕೋಣೆಯಿಂದ ಹೊರಗೆ ಬಂದಿತು. ಅವರು ಕುಳಿತಿದ್ದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಯಳಂದೂರಿನ ಜಹಗೀರು ಇಂದು ಇಲ್ಲ. 1868ರಲ್ಲಿ ಮುಗಿದ ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಕಟ್ಟಡವು ಮಾತ್ರ ನಿಂತಿದೆ. ರಾಜ್ಯದ ಉಚ್ಚ ನ್ಯಾಯಾಲಯವು ಅಲ್ಲಿಯೇ ಕೂಡುತ್ತದೆ.

1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಕನ್ನಡ ನಾಡನ್ನು ಸೇರಿದಾಗ ಮುಳ್ಳೂರಿನ ಅಪೀಲುಗಳು ದಿಂಬಂ ಘಟ್ಟವನ್ನಿಳಿಯುವುದು ನಿಂತಿತು. ಅಂದಿನಿಂದ ಅವು ಹೊಳೆ ದಾಟಿ ಆ ಕೆಂಪು ಕಟ್ಟಡಕ್ಕೆ ಹೋಗುತ್ತಿವೆ. ಈಗ ಅಲ್ಲಿ ಕುಳಿತಿರುವವರು ಯಾವ ಮಂತ್ರಿಮಂಡಲದ ಸದಸ್ಯರೂ ಅಲ್ಲ, ಯಾರ ಹಂಗಾಮಿ ದಿವಾನರೂ ಅಲ್ಲ. ಸರ್ಕಾರದ ಮೇಲೆಯೇ ದೂರು ಹೊತ್ತ ರೈತನು ತಲೆಯೆತ್ತಿ ಪೀಠವನ್ನು ನೋಡಿದರೆ, ಅವನ ಎದೆಯು ಅಳುಕಲು ಬೇರೆ ಕಾರಣಗಳಿರಬಹುದು. ಆದರೆ ತನ್ನ ಎದುರಾಳಿಯೇ ಅಲ್ಲಿ ಕುಳಿತಿರುವನೆಂಬ ಹಳೆಯ ಕಾರಣವು ಉಳಿದಿಲ್ಲ. ಆ ಪೀಠವು ನಮ್ಮ ನಾಡಿನವರಿಗೆ ತೆರೆಯುವಂತೆ ಮಾಡಿದವರು ತಂಬುಚೆಟ್ಟಿಯವರು. ಅದನ್ನು ಸರ್ಕಾರದಿಂದ ಬೇರೆಯಾಗಿ ನಿಲ್ಲಿಸಿದವರು ಅವರ ತರುವಾಯದವರು. ಬಾಗಿಲು ತೆರೆದವರನ್ನು ನೆನೆಯುವುದೂ, ಗೋಡೆ ಕಟ್ಟಿದವರನ್ನು ನೆನೆಯುವುದೂ, ಆ ಗೋಡೆಯು ಬಿರುಕು ಬಿಡದಂತೆ ನೋಡಿಕೊಳ್ಳುವುದೂ ನಮ್ಮ ಪಾಲಿನ ಕೆಲಸವಾಗಿದೆ.